ವೈದ್ಯೆಯೊಬ್ಬರ ಕಿವಿಮಾತು

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿಯಲ್ಲಿ 1934ರಲ್ಲಿ ಜನಿಸಿದ ವೆಂಕಟಲಕ್ಷ್ಮಿಯವರೇ ಮುಂದೆ ಡಾ. ಅನುಪಮಾ ನಿರಂಜನ ಎಂದು ಪ್ರಸಿದ್ಧರಾದರು. ಕಾದಂಬರಿಕಾರ್ತಿಯಾಗಿ ಅವರನ್ನು ಬಲ್ಲವರು ಅನೇಕರು. ಅವರು ಆರೋಗ್ಯಗ್ರಂಥಗಳನ್ನೂ ರಚಿಸಿದರು.

ಋತುಸ್ರಾವ, ದಾಂಪತ್ಯ, ಗರ್ಭಧಾರಣೆಗಳ ವಿಷಯದಲ್ಲಿ ಮನೆಯ ಹಿರಿಯರು ಮೌನ ವಹಿಸುತ್ತಿದ್ದ ಕಾಲವದು. ಏನೂ ಅರಿಯದ ಕನ್ಯೆ ಅಂಜುತ್ತಲೇ ಪತಿಗೃಹವನ್ನು ಸೇರುತ್ತಿದ್ದಳು. ಧಾರವಾಡ, ಬೆಂಗಳೂರುಗಳಲ್ಲಿ ವೈದ್ಯವೃತ್ತಿ ನಡೆಸಿದ ಅನುಪಮಾ ಅವರು ‘ವಧುವಿಗೆ ಕಿವಿಮಾತು’, ‘ದಾಂಪತ್ಯ ದೀಪಿಕೆ’, ‘ತಾಯಿ-ಮಗು’ ಕೃತಿಗಳಲ್ಲಿ ಆ ತಿಳಿವಳಿಕೆಯನ್ನು ಸರಳ ಕನ್ನಡದಲ್ಲಿ ನೀಡಿದರು. 1991ರಲ್ಲಿ ಅವರು ನಿಧನರಾದರು.

ದೇಹಧರ್ಮವನ್ನು ಅರಿಯದ ಮಕ್ಕಳು ಭಯಕ್ಕೂ ವಂಚನೆಗೂ ಸುಲಭವಾಗಿ ಈಡಾಗುತ್ತಾರೆ. ಅಜ್ಞಾನವು ಶೀಲದ ರಕ್ಷಣೆಯಲ್ಲ. ಸಂಯಮವೂ ಸಮ್ಯಕ್ ಜ್ಞಾನದಿಂದಲೇ ನೆಲೆಗೊಳ್ಳತಕ್ಕದ್ದು. ಮಕ್ಕಳು ಕೇಳಿದಾಗ ಗದರಿಸದೆ, ವಯಸ್ಸಿಗೆ ತಕ್ಕಂತೆ ಉತ್ತರಿಸುವುದು ತಾಯ್ತಂದೆಯರ ಕರ್ತವ್ಯ.