ಮರಳಿನ ಮೇಲೆ ತಿದ್ದಿದ ಅಕ್ಷರ

ನಮ್ಮ ತಾತ ಹಳೆಯ ಕಾಲದ ಊರಶಾಲೆಯಾದ ಕೂಲಿಮಠದಲ್ಲಿ ಓದಿದವರು. ಅಲ್ಲಿ ಪಾಠ ಹೇಳುವ ಐಗಳು ಮೊದಲಿಗೇ ಬಳಪ ಕೊಡುತ್ತಿರಲಿಲ್ಲ; ಮರಳು ಹರಡಿ, ಮಗುವಿನ ಬೆರಳು ಹಿಡಿದು ‘ಅ’ ತಿದ್ದಿಸುತ್ತಿದ್ದರು. ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ಬರೆಯುವುದು. ಬಳಪ, ಕಡತ ಎಲ್ಲ ಆಮೇಲೆ. ಅದಕ್ಕೂ ಬಹಳ ಹಿಂದೆ, ಮಲಬಾರಿ ಮಕ್ಕಳು ಹೀಗೆ ಕಲಿಯುವುದನ್ನು ಕಂಡ ಪಾದ್ರಿ ಆಂಡ್ರ್ಯೂ ಬೆಲ್, ಮದರಾಸಿನ ಎಗ್ಮೋರಿನ ಅನಾಥ ಬಾಲಕರ ಶಾಲೆಗೆ ಅದನ್ನು ತಂದ. 1797ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದ. ಇಂಗ್ಲೆಂಡಿನ ಬಡಮಕ್ಕಳೂ ಮರಳಿನಲ್ಲಿ ತಿದ್ದಿದರು.

ನನ್ನ ಮೊಮ್ಮಗಳು ಮಗ್ಗಿ ಪಟಪಟನೆ ಹೇಳುತ್ತಾಳೆ, ಕಥೆ ಕಟ್ಟುತ್ತಾಳೆ. ಪೆನ್ಸಿಲ್ ಹಿಡಿದರೆ ಬೆರಳು ಸೋಲುತ್ತದೆ, ಅಂಗಿಯ ಗುಂಡಿ ಹಾಕಲೂ ತಿಣುಕುತ್ತಾಳೆ. ಚಿಕಿತ್ಸಕಿ ಹೇಳಿದ್ದೂ ತಟ್ಟೆ ತುಂಬ ಮರಳನ್ನೇ! ಐಗಳ ಆ ತಾಳ್ಮೆಯನ್ನು ನಾಲ್ಕುಗೆರೆ ಕಾಪಿಪುಸ್ತಕ ನುಂಗಿತೆಂದೇ ನನ್ನ ಸಂಕಟ. ಬರವಣಿಗೆಯನ್ನು ಕಾಡುವ ಡಿಸ್‌ಗ್ರಾಫಿಯಾ, ಕೈಚಲನೆಯ ಹೊಂದಾಣಿಕೆಯನ್ನು ಕಾಡುವ ಡಿಸ್‌ಪ್ರಾಕ್ಸಿಯಾ ಎಂಬ ತೊಡಕುಗಳೆರಡೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿವೆ. ಅಕ್ಷರ ಸೊಟ್ಟಗಿದೆಯೆಂದು ಮಗುವನ್ನು ಗದರಬೇಡಿ; ತಜ್ಞರಿಗೆ ತೋರಿಸಿ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡುವವರ ನೆರವು ಕೇಳಿ.