ಹಾವಾಡಿಗನ ಬುಟ್ಟಿಯಲ್ಲಿ ಕಾಯಿಲೆ

ಕೋಲಾರ ಸೀಮೆಯಲ್ಲಿ ಹಾವನ್ನು ಪೂಜಿಸುವವರು ಊರಿಗೆಲ್ಲ ಇದ್ದರು, ಸಾಕುವವರು ಮಾತ್ರ ಒಬ್ಬರೇ: ಹಾವಾಡಿಗರು. ಬಿದಿರಿನ ಚಪ್ಪಟೆ ಬುಟ್ಟಿ, ಹೆಗಲಿಗೊಂದು ಜೋಳಿಗೆ, ಸೋರೆ ಬುರುಡೆಗೆ ಜೇನುಮೇಣದಿಂದ ಎರಡು ಕೊಳವೆ ಅಂಟಿಸಿದ ಪುಂಗಿ, ಇಷ್ಟೇ ಅವರ ಬಂಡವಾಳ. ಬುಟ್ಟಿಯೊಳಗೆ ಸುತ್ತಿಕೊಂಡ ನಾಗರಹಾವು ಎಷ್ಟು ದಿನ ಬದುಕುತ್ತಿತ್ತು, ಹೇಗೆ ಸಾಯುತ್ತಿತ್ತು ಎಂದು ಆಟ ನೋಡಿದವರಾರೂ ಕೇಳಿದಂತಿಲ್ಲ. ಆದರೆ ಈ ಕಸುಬಿನ ಚರಿತ್ರೆಯನ್ನು ಹಾವಿನ ಕಡೆಯಿಂದ ನೋಡಿದರೆ, ಜನ ಪಳಗಿದ ಗುಣವೆಂದು ಮೆಚ್ಚಿದ್ದರಲ್ಲಿ ಬಹುಪಾಲು ಕಾಯಿಲೆಯ ಲಕ್ಷಣವೇ ಆಗಿತ್ತು.

ಕಸುಬು ಬಹಳ ಹಳೆಯದು. ಹನ್ನೆರಡನೆಯ ಶತಮಾನದ ಬಸವಣ್ಣನವರ ಒಂದು ವಚನದಲ್ಲಿಯೇ ಮಗನ ಮದುವೆಗೆ ಶಕುನ ನೋಡಲು ಕೈಯಲ್ಲಿ ಹಾವು ಹಿಡಿದು ಹೊರಟ ಹಾವಾಡಿಗ ಬರುತ್ತಾನೆ. ಹೋಲಿಕೆಗೆ ಬಳಸುವಷ್ಟು ಅವನು ಆಗಲೇ ಜನರಿಗೆ ಪರಿಚಿತ. ಕೋಲಾರದ ಕಡೆ ಈ ಕಸುಬಿಗೆ ಎರಡು ಭಾಷೆಯ ಹೆಸರಿದ್ದವು. ಮೈಸೂರು ಸೀಮೆಗೆ ‘ಮೂಡಲ ಬಾಗಿಲು’ ಆದ್ದರಿಂದಲೇ ಮುಳಬಾಗಿಲು ಎನಿಸಿಕೊಂಡ ಊರಿನ ಮೂಲಕ ತೆಲುಗು ನಾಡಿನ ಚಿತ್ತೂರಿಗೆ ಹೋಗುವ ದಾರಿ ಹಾಯುತ್ತದೆ. ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ತೆಲುಗು ಮನೆಮಾತು. ಅಲ್ಲಿ ಹಾವಾಡಿಗ ಎಂದರೆ ‘ಪಾಮುಲವಾಡು’. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ–ಬುಡಕಟ್ಟುಗಳ ಏಳು ಸಂಪುಟಗಳಲ್ಲಿ ‘ಪಾಮುಲ’ ಎಂಬ ಹೆಸರು ತೆಲುಗು ನಾಡಿನ ಹಾವಾಡಿಸುವವರದೆಂದು ದಾಖಲಾಗಿದೆ.

ಹಾವಿಗಂತೂ ಬರವಿರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಈ ಒಣ ಬಯಲಿನಲ್ಲಿ ಬಂಡೆಗುಡ್ಡ, ಕೆರೆ ಏರಿ, ಹೊಲದ ಬದುವಿನ ಹುತ್ತ ಎಲ್ಲೆಲ್ಲೂ ಇವೆ. ರಾಗಿ ತುಂಬಿದ ಹಗೇವು, ಹುಲ್ಲಿನ ಬಣವೆಗಳಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು. ಕೇರೆ, ನಾಗರ, ಕೊಳಕುಮಂಡಲ, ಕಟ್ಟುಹಾವು, ಮಣ್ಣುಮುಕ್ಕ ಎಲ್ಲವೂ ಇಲ್ಲಿನ ಹೊಲದವೇ. ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೂ ಜಾಗ ಕೊಟ್ಟ ಊರಿದು. ಕಚ್ಚುವ ಜೀವಿಯನ್ನು ದೂರವಿಡಲು ಕೈಮುಗಿಯುವುದೇ ಇಲ್ಲಿನ ಮಾರ್ಗ. ಅರಳಿಕಟ್ಟೆಯ ನಾಗರಕಲ್ಲುಗಳು ಆ ಭಕ್ತಿಯ ಗುರುತು. 2007ರವರೆಗೆ ಕೋಲಾರ ಜಿಲ್ಲೆಯಲ್ಲೇ ಇದ್ದ ವಿದುರಾಶ್ವತ್ಥದಲ್ಲಿ ಅವು ಸಾವಿರಗಟ್ಟಲೆ ನಿಂತಿವೆ. ಶ್ರಾವಣದ ನಾಗರಪಂಚಮಿಗೆ ಹುತ್ತಕ್ಕೆ ತನಿ ಎರೆಯುವವರು ಒಂದು ಕಡೆ, ಕಾರ್ತೀಕದ ನಾಗುಲ ಚವಿತಿ ಆಚರಿಸುವ ತೆಲುಗರು ಇನ್ನೊಂದು ಕಡೆ. ಹಬ್ಬ ಎರಡಾದಾಗ ಬುಟ್ಟಿಯ ಹಾವಿಗೆ ಕಷ್ಟದ ಕಾಲವೂ ಎರಡಾಯಿತು.

ಆ ಕಷ್ಟ ಬಾಯಿಯಿಂದ ಶುರುವಾಗುತ್ತಿತ್ತು. ಹಿಡಿದ ನಾಗರದ ಮೇಲ್ದವಡೆಯ ಮುಂದಿನ ಎರಡು ವಿಷದ ಹಲ್ಲುಗಳನ್ನು ಬಟ್ಟೆ ಕಚ್ಚಿಸಿ ಎಳೆದೋ, ಚೂಪಾದ ಸಾಧನದಿಂದ ಎಬ್ಬಿಯೋ ಕೀಳುತ್ತಿದ್ದರು. ಕೆಲವರು ವಿಷದ ಗ್ರಂಥಿಯನ್ನೇ ಸುಟ್ಟು ಹಾಳುಮಾಡುತ್ತಿದ್ದರು. ಬಾಯಿಯ ಅಂಚನ್ನು ದಾರದಿಂದ ಹೊಲಿದ ಹಾವುಗಳೂ ಸಿಕ್ಕಿವೆ. ಕನ್ನಡದಲ್ಲಿ ‘ಹಲ್ಲು ಕಿತ್ತ ಹಾವು’ ಎಂದರೆ ಎಂದೆಂದಿಗೂ ಕೈಲಾಗದವನು. ಶರೀರರಚನೆಯ ದೃಷ್ಟಿಯಿಂದ ಆ ಮಾತು ತಪ್ಪು. ನಾಗರದ ಪ್ರತಿ ವಿಷದ ಹಲ್ಲಿನ ಹಿಂದೆ ಬದಲಿ ಹಲ್ಲುಗಳು ಸಾಲಾಗಿ ಬೆಳೆಯುತ್ತಿರುತ್ತವೆ. ಒಂದು ಹೋದರೆ ಕೆಲವೇ ವಾರಗಳೊಳಗೆ ಇನ್ನೊಂದು ಆ ಜಾಗಕ್ಕೆ ಬರುತ್ತದೆ. ಕಲ್ಕತ್ತೆಯಲ್ಲಿ ಹಾವಾಡಿಗರ ನೆರವಿನಿಂದ ಪ್ರಯೋಗ ನಡೆಸಿ 1872ರಲ್ಲಿ ಭಾರತದ ವಿಷಸರ್ಪಗಳ ಮೇಲೆ ದೊಡ್ಡ ಗ್ರಂಥ ತಂದ ವೈದ್ಯ ಜೋಸೆಫ್ ಫೇಯರರ್ ಕಾಲಕ್ಕೇ ಇದು ಗೊತ್ತಿತ್ತು. ಕಸುಬಿನವರಿಗಂತೂ ಇದು ಪ್ರಾಣದ ಪ್ರಶ್ನೆ. ಆದ್ದರಿಂದ ಹಲ್ಲು ಕೀಳುವುದು ಒಮ್ಮೆ ಮುಗಿಯುವ ಕೆಲಸವಾಗಿರಲಿಲ್ಲ. ಒಂದು ಗಾಯ ಮಾಯುವ ಮೊದಲೇ ಇನ್ನೊಂದು.

ಹೀಗೆ ಹುಟ್ಟುವ ಬಾಯಿಹುಣ್ಣು ಸೆರೆಯ ಹಾವುಗಳಲ್ಲಿ ಅತಿ ಸಾಮಾನ್ಯವಾದ ರೋಗಗಳಲ್ಲೊಂದು. ಮೊದಲು ಒಸಡಿನಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ಬಾಯಿ ತೆರೆದಾಗ ಎಳೆಯೆಳೆಯಾಗಿ ಬರುವ ಅಂಟುಜೊಲ್ಲು. ಆಮೇಲೆ ತುಟಿಯ ಅಂಚು ಊದಿ ಬಾಯಿ ಪೂರ್ತಿ ಮುಚ್ಚದಾಗುತ್ತದೆ. ಹಾವಿನ ಕೀವು ಮನುಷ್ಯರದರಂತೆ ಹರಿಯುವುದಿಲ್ಲ, ಗಿಣ್ಣಿನ ಚೂರಿನಂತೆ ಹಳದಿಯಾಗಿ ಗಟ್ಟಿಕಟ್ಟುತ್ತದೆ. ಸೋಂಕು ದವಡೆಯ ಮೂಳೆಗೆ ಇಳಿದ ಮೇಲೆ ಹಾವು ಬೇಟೆಯನ್ನು ಹಿಡಿಯಲಾರದು, ನುಂಗಲಾರದು. ಇಂಥ ಹಾವು ಕಚ್ಚಲು ಹೋಗುವುದಿಲ್ಲ. ಹಾವಾಡಿಗ ಅದರ ಮುಖದ ಹತ್ತಿರ ಕೈ ಆಡಿಸಿದಾಗ ಸುತ್ತ ನಿಂತವರಿಗೆ ಕಂಡದ್ದು ಅವನ ಧೈರ್ಯ, ಹಾವಿನ ನೋವಲ್ಲ.

ಹಾಲಿನ ಕಥೆ ಇದಕ್ಕಿಂತ ಕೆಟ್ಟದು. ಹಾವಿಗೆ ಹಾಲು ಆಹಾರವಲ್ಲ, ಅದನ್ನು ಅರಗಿಸುವ ಶಕ್ತಿಯೂ ಅದಕ್ಕಿಲ್ಲ. ಆದರೆ ಹಬ್ಬಕ್ಕೆ ಮುಂಚೆ ವಾರಗಟ್ಟಲೆ ನೀರು ಕೊಡದೆ ಬುಟ್ಟಿಯಲ್ಲಿಟ್ಟರೆ ಸಿಕ್ಕ ದ್ರವಕ್ಕೆ ಬಾಯಿ ಹಾಕುತ್ತದೆ. ಚರ್ಮ ಸುಕ್ಕುಗಟ್ಟಿ ಪಕ್ಕೆಯಲ್ಲಿ ಉದ್ದುದ್ದ ಮಡಿಕೆ ಬೀಳುವುದು, ಕಣ್ಣು ಒಳಸರಿಯುವುದು, ಬೆನ್ನೆಲುಬು ಏರಿನಂತೆ ಎದ್ದು ಕಾಣುವುದು, ಇವು ಬಾಯಾರಿಕೆ ಮತ್ತು ಹಸಿವಿನ ಗುರುತು. ಆರೋಗ್ಯವಂತ ಹಾವಿನ ಮೈ ದುಂಡಗೆ ತುಂಬಿಕೊಂಡಿರುತ್ತದೆ. ಬಾಯಲ್ಲಿ ಹುಣ್ಣಿದ್ದು ಹಾಲು ಸುರಿದಾಗ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ನಾಗರದಲ್ಲಿ ಕೆಲಸ ಮಾಡುವುದು ಬಲಗಡೆಯ ಒಂದೇ ಶ್ವಾಸಕೋಶ. ವಪೆ ಇಲ್ಲದ್ದರಿಂದ ನಮ್ಮಂತೆ ಕೆಮ್ಮಿ ಹೊರಹಾಕಲೂ ಆಗದು. ಮೂಗಿನ ಹೊಳ್ಳೆಯಲ್ಲಿ ನೊರೆ, ಉಸಿರಿನೊಂದಿಗೆ ಗೊರಗೊರ ಸದ್ದು, ಉಸಿರಾಡಲು ಬಾಯಿ ತೆರೆದು ತಲೆಯನ್ನು ಮೇಲಕ್ಕೆತ್ತಿ ಹಿಡಿದಿರುವುದು, ಇದು ಶ್ವಾಸಕೋಶದ ಸೋಂಕು. ತಲೆ ಎತ್ತಿದ ನಾಗಪ್ಪ ಆಶೀರ್ವಾದ ಕೊಡುತ್ತಿದ್ದಾನೆಂದು ಮುತ್ತೈದೆಯರು ಅರಿಶಿನ ಕುಂಕುಮ ಎರಚಿದರೆ ಅದು ಕಣ್ಣಿಗೂ ಮೂಗಿಗೂ ಸೇರುತ್ತಿತ್ತು. ಹಾವಿಗೆ ರೆಪ್ಪೆ ಇಲ್ಲ.

ಪುಂಗಿಯ ನಾದಕ್ಕೆ ಹಾವು ಕುಣಿಯುತ್ತದೆ ಎಂಬುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊರಕಿವಿ ಇಲ್ಲದ ಹಾವು ಹಿಂಬಾಲಿಸುವುದು ನಾದವನ್ನಲ್ಲ, ಪುಂಗಿಯ ಅಲುಗಾಟವನ್ನು. ಆದರೆ ಆಟದಲ್ಲೇ ಒಂದು ಪರೀಕ್ಷೆ ಅಡಗಿತ್ತು. ಗಟ್ಟಿಮುಟ್ಟಾದ ನಾಗರ ಹೆಡೆ ಬಿಚ್ಚಿ ಬುಸುಗುಟ್ಟುತ್ತದೆ, ನಾಲಿಗೆ ಆಡಿಸುತ್ತಲೇ ಇರುತ್ತದೆ, ಸಂದು ಸಿಕ್ಕರೆ ಓಡುತ್ತದೆ. ಹೆಡೆ ಅರ್ಧ ಬಿಚ್ಚಿ ಬೇಗ ಇಳಿಸುವ, ನಾಲಿಗೆ ಚಾಚದ, ಬೆನ್ನಡಿ ಮಾಡಿ ಹಾಕಿದರೆ ಹೊರಳಿ ನೇರವಾಗದ ಹಾವು ಸಾವಿನ ಹತ್ತಿರವಿರುತ್ತದೆ. ಮುಗ್ಗಿದ ಹಾವನ್ನು ಬುಟ್ಟಿಯಲ್ಲೇ ಬಿಟ್ಟು ಇನ್ನೊಂದನ್ನು ಹೊರತೆಗೆಯುವ ಹಾವಾಡಿಗ ಈ ಭೇದ ಬಲ್ಲವನೇ.

ಚರ್ಮದ ವಿಷಯದಲ್ಲಂತೂ ಕಸುಬಿನವರ ತಿಳಿವಳಿಕೆ ಪುಸ್ತಕದ್ದಕ್ಕೆ ಕಡಿಮೆಯದಲ್ಲ. ಪೊರೆ ಬಿಡುವ ಮುಂಚೆ ಹಾವಿನ ಕಣ್ಣು ಹಾಲುನೀಲಿಯಾಗಿ ಮಸುಕಾಗುತ್ತದೆ, ಮೈ ಬಣ್ಣ ಕುಂದುತ್ತದೆ, ಮೇವು ಬಿಡುತ್ತದೆ, ಸಿಡುಕು ಹೆಚ್ಚುತ್ತದೆ. ಇದು ರೋಗವಲ್ಲ, ಪೊರೆ ಕಟ್ಟಿದ ಕಾಲ; ಕೆಲವು ದಿನಕ್ಕೆ ಕಣ್ಣು ತಿಳಿಯಾಗಿ, ಪೊರೆ ಮೂತಿಯಿಂದ ಬಾಲದವರೆಗೆ ಒಂದೇ ಚೀಲದಂತೆ ಕಳಚುತ್ತದೆ. ರೋಗವಾಗುವುದು ಪೊರೆ ತುಂಡುತುಂಡಾಗಿ ಕಿತ್ತು ಬಂದಾಗ, ಅದಕ್ಕಿಂತ ಹೆಚ್ಚಾಗಿ ಕಣ್ಣಿನ ಮೇಲಿನ ಪಾರದರ್ಶಕ ಚಿಪ್ಪು ಹಾಗೇ ಉಳಿದಾಗ. ಎರಡು ಮೂರು ಪೊರೆಯ ಚಿಪ್ಪು ಒಂದರ ಮೇಲೊಂದು ಕೂತರೆ ಹಾವಿಗೆ ಸರಿಯಾಗಿ ಕಾಣದು. ಒಣಗಿದ ಬಿದಿರು ಬುಟ್ಟಿಯಲ್ಲಿ ತೇವವೂ ಇಲ್ಲ, ಮೈ ತಿಕ್ಕಲು ಒರಟು ಕಲ್ಲೂ ಇಲ್ಲ. ಮಳೆಗಾಲದಲ್ಲಿ ಇದರ ತಿರುಗುಮುರುಗು: ಒದ್ದೆ ಬಟ್ಟೆಯ ಮೇಲೆ ಮಲಗಿ ಹೊಟ್ಟೆಯ ಚಿಪ್ಪುಗಳ ಕೆಳಗೆ ನೀರುಗುಳ್ಳೆ ಏಳುತ್ತವೆ, ಕೆಂಪಾಗುತ್ತವೆ, ಕೊಳೆಯುತ್ತವೆ. ಚಿಪ್ಪುಗಳ ಸಂದಿನಲ್ಲಿ ಕಚ್ಚಿಕೊಂಡ ಉಣ್ಣಿ ಇನ್ನೊಂದು ಪೀಡೆ.

ಹೊಟ್ಟೆಯ ರೋಗಕ್ಕೆ ಚಳಿ ಕಾರಣ. ಹಾವಿಗೆ ಮೈಬಿಸಿ ಹೊರಗಿನಿಂದಲೇ ಬರಬೇಕು. ಕೋಲಾರದ ಧನುರ್ಮಾಸದ ರಾತ್ರಿಯಲ್ಲಿ ಕಾಡಿನ ಹಾವು ಹುತ್ತದ ಆಳಕ್ಕೆ ಇಳಿಯುತ್ತದೆ, ಬುಟ್ಟಿಯದು ಇಳಿಯುವುದೆಲ್ಲಿಗೆ? ಬಿಸಿ ಸಾಲದೆ ನುಂಗಿದ್ದು ಅರಗದೆ ಕೊಳೆತು, ದಿನಗಳ ಮೇಲೆ ವಾಂತಿಯಾಗಿ ಬರುತ್ತದೆ. ನಾಗರ ವಾರಗಟ್ಟಲೆ ತಿನ್ನದೆ ಇರಬಲ್ಲದು ಎಂಬುದೇ ಇಲ್ಲಿ ಮೋಸ ಮಾಡಿತು. ಹಸಿವಿನ ತಾಳ್ಮೆಯೂ ಕಾಯಿಲೆಯ ಅರುಚಿಯೂ ಹೊರನೋಟಕ್ಕೆ ಒಂದೇ.

ಇಷ್ಟು ಬಲ್ಲವರು ಚಿಕಿತ್ಸೆಗೆ ಏಕೆ ಮನಸ್ಸು ಮಾಡಲಿಲ್ಲ? ಮುಂದಿನ ಹುತ್ತದಲ್ಲಿ ಇನ್ನೊಂದು ನಾಗರ ಪುಕ್ಕಟೆ ಸಿಗುತ್ತಿತ್ತು. ಇದಕ್ಕೆ ಹೋಲಿಕೆಯಾಗಿ, ಹಾವು ಹಿಡಿಯುವುದೇ ಕಸುಬಾದ ತಮಿಳುನಾಡಿನ ಇರುಳರ ಕಥೆ ನೋಡಬಹುದು. 1978ರಲ್ಲಿ ಶುರುವಾದ, ಮಹಾಬಲಿಪುರದ ಹತ್ತಿರದ ವಡನೆಮ್ಮೇಲಿಯಲ್ಲಿರುವ ಅವರ ಹಾವು ಹಿಡಿಯುವವರ ಸಹಕಾರ ಸಂಘ ನಾಗರ, ಕೊಳಕುಮಂಡಲಗಳನ್ನು ಮಣ್ಣಿನ ಮಡಕೆಯಲ್ಲಿ ಕೆಲವೇ ವಾರ ಇಟ್ಟುಕೊಂಡು, ಔಷಧಕ್ಕಾಗಿ ನಾಲ್ಕಾರು ಸಲ ವಿಷ ತೆಗೆದು, ಹೊಟ್ಟೆಯ ಚಿಪ್ಪಿಗೆ ಗುರುತು ಮಾಡಿ ಕಾಡಿಗೆ ಬಿಡುತ್ತದೆ. ಅಲ್ಲಿ ಹಣ ಹುಟ್ಟುವುದು ಹಲ್ಲಿನಿಂದ. ಬಾಯಿಹುಣ್ಣಿನ ಹಾವು ಇರುಳರಿಗೆ ನಷ್ಟ, ಹಾವಾಡಿಗನಿಗೆ ನಿರಪಾಯ.

ಕಾನೂನು ನಿಧಾನವಾಗಿ ಬಂತು. 1960ರ ಪ್ರಾಣಿಹಿಂಸೆ ತಡೆ ಕಾಯಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ, ಅದನ್ನು ಬಿಗಿಗೊಳಿಸಿದ 1991ರ ತಿದ್ದುಪಡಿ ಇವುಗಳಿಂದ ಬುಟ್ಟಿಯ ನಾಗರ ಅಪರಾಧವಾಯಿತು. 2022ರ ತಿದ್ದುಪಡಿ ನಾಗರವನ್ನು ಮೊದಲನೆಯ ಅನುಸೂಚಿಗೇ ಏರಿಸಿತು. ಹಾವಾಡಿಗರ ಮಕ್ಕಳಿಗೆ ಬೇರೆ ಕಸುಬು ಹುಡುಕಿಕೊಡುವ ಕೆಲಸ ಮಾತ್ರ ಇಷ್ಟು ಅಚ್ಚುಕಟ್ಟಾಗಿ ನಡೆಯಲಿಲ್ಲ. ಈಗ ಹಾವು ಸೆರೆಯಾಗುವ ರೀತಿ ಬೇರೆ. ‘ಎರಡು ತಲೆ ಹಾವು’ ಎಂದು ಅದೃಷ್ಟದ ಆಸೆಗೆ ಲಕ್ಷಗಟ್ಟಲೆ ಬೆಲೆ ಹೇಳಿ ಮಾರುವ ಮಣ್ಣುಮುಕ್ಕ ಹಾವು ಕರ್ನಾಟಕದ ಪೊಲೀಸರ ಕೈಗೆ ಮತ್ತೆ ಮತ್ತೆ ಸಿಗುತ್ತದೆ. ನಗರಗಳಲ್ಲಿ ವಿದೇಶಿ ಹೆಬ್ಬಾವುಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವವರಿದ್ದಾರೆ. ಅಂಥ ಪ್ರಾಣಿಗಳನ್ನು ಸ್ವಯಂ ಘೋಷಿಸಿಕೊಳ್ಳಲು ಕೇಂದ್ರ ಪರಿಸರ ಸಚಿವಾಲಯ 2020ರಲ್ಲಿ ಅವಕಾಶ ಕೊಟ್ಟಿತು.

ವಶಪಡಿಸಿಕೊಂಡ ಹಾವನ್ನು ಪಶುವೈದ್ಯರು ನೋಡುವಾಗ ಮುಟ್ಟುವ ಮೊದಲು ಉಸಿರಾಟ ಗಮನಿಸುತ್ತಾರೆ. ಆಮೇಲೆ ಬಾಯಿ, ಕಣ್ಣಿನ ಚಿಪ್ಪು, ಬೆನ್ನೆಲುಬು, ಹೊಟ್ಟೆಯ ಚಿಪ್ಪು. ಕೊನೆಗೆ ಮಲದ್ವಾರದ ಸುತ್ತ ಮೆತ್ತಿಕೊಂಡದ್ದೇನಾದರೂ ಇದೆಯೇ ಎಂದು. ಹಲ್ಲು ಕಿತ್ತ ನಾಗರ ಬಂದರೆ ಹೊಸ ಹಲ್ಲು ಬಂದು ತಾನಾಗಿ ಇಲಿ ಕೊಲ್ಲುವವರೆಗೆ ಇಟ್ಟುಕೊಳ್ಳಬೇಕಾಗುತ್ತದೆ. ದವಡೆಯ ಮೂಳೆಯೇ ಕೊಳೆತಿದ್ದರೆ, ಗ್ರಂಥಿ ಸುಟ್ಟಿದ್ದರೆ ಅದನ್ನು ಮತ್ತೆ ಕಾಡಿಗೆ ಬಿಡುವ ಹಾಗಿಲ್ಲ.