ಚಂದ್ರಗಿರಿಯ ಮರಳಿನಡಿಯ ಒಕ್ಕಲು

ಚಂದ್ರಗಿರಿ ಹೊಳೆ ಎಂದರೆ ನಮಗೆ ತುಳುನಾಡಿನ ದಕ್ಷಿಣ ಗಡಿ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದನೆನ್ನುವ ಕೋಟೆಯ ದಡ. ಅದೇ ಹೊಳೆಯ ತಳದಲ್ಲಿ ಇನ್ನೊಂದು ಹಳೆಯ ಒಕ್ಕಲಿದೆ: ಮೆತ್ತನೆ ಚಿಪ್ಪಿನ ದೈತ್ಯ ಆಮೆ, ಮಲಯಾಳದಲ್ಲಿ ಪಾಲಪ್ಪೂವನ್. ದಿನದ ಬಹುಪಾಲು ಅದು ಮರಳಿನಡಿ ಹುದುಗಿದ್ದು, ಹತ್ತಿರ ಸುಳಿದ ಮೀನು ಹಿಡಿಯುತ್ತದೆ. ಮೊಟ್ಟೆ ಇಡುವುದೂ ದಡದ ಮರಳಿನಲ್ಲೇ.

ಗಲ್ಫ್ ಹಣದಿಂದ ಮನೆಗಳು ಎದ್ದಂತೆ ಹೊಳೆಮರಳಿಗೆ ಬೇಡಿಕೆ ಏರಿತು. ಮರಳು ತೆಗೆದಲ್ಲಿ ಹೊಂಡ ಬೀಳುತ್ತದೆ, ದಡ ಕುಸಿಯುತ್ತದೆ. ಆಗ ನೀರಿದ್ದರೂ ಆಮೆಗೆ ಅಡಗಲು ಜಾಗವಿಲ್ಲ. ಹೊಳೆ ಹಠಾತ್ತನೆ ಏರಿದರೆ ಇದ್ದ ಮೊಟ್ಟೆಗಳೂ ಮುಳುಗಿ ಹಾಳಾಗುತ್ತವೆ.

2023ರಲ್ಲಿ ಕಾಸರಗೋಡು ಇದನ್ನು ಜಿಲ್ಲೆಯ ಅಧಿಕೃತ ಜೀವಿಗಳಲ್ಲಿ ಒಂದೆಂದು ಘೋಷಿಸಿತು. ಇನ್ನು ಮನೆ ಕಟ್ಟುವವರು ಮರಳು ಎಲ್ಲಿಂದ ಬಂತೆಂದು ಕೇಳಬೇಕು ಎಂಬುದು ನನ್ನ ವಿನಂತಿ.